ಅಂಕಿಅಂಶಗಳನ್ನು ಪ್ರಕಟಪಡಿಸುವ ಒಂದು ಸಾರ್ವಜನಿಕ ಸಾಧನವೂ ಅದರ ಮರಾಮತ್ತೂ

ಬೇಸಾಯಕ್ಕೆ ಸಂಬಂಧಪಟ್ಟ ಲೆಕ್ಕಗಳನ್ನು ಬರೆದಿಡುವ ಪದ್ಧತಿಯು ಈ ದೇಶಕ್ಕೆ ಹೊಸದೇನೂ ಅಲ್ಲ. ಯಾವ ತಿಂಗಳಲ್ಲಿ ಎಷ್ಟು ಮಳೆ ಬಿತ್ತು, ಯಾವ ಹೋಬಳಿಯಲ್ಲಿ ಎಷ್ಟು ಎಕರೆ ರಾಗಿ ಬಿತ್ತನೆಯಾಯಿತು, ಫಸಲು ಎಷ್ಟಾಣೆ ಬಂತು, ಸಂತೆಯಲ್ಲಿ ಧಾರಣೆ ಏನಿತ್ತು ಎಂಬಿವನ್ನು ಹಿಂದಿನ ಶ್ಯಾನುಭೋಗರು ಖಿರ್ದಿಪುಸ್ತಕಗಳಲ್ಲಿ ಬರೆದಿಡುತ್ತಿದ್ದುದು ಹಳೆಯ ಹಿಡುವಳಿದಾರರ ಮನೆಗಳಲ್ಲಿ ಎಲ್ಲರಿಗೂ ತಿಳಿದಿರತಕ್ಕ ವಿಷಯವೇ ಆಗಿದೆ. 1880ನೆಯ ಇಸವಿಯ ಕ್ಷಾಮ ಕಮಿಷನ್ನಿನವರು ಪ್ರಾಂತ್ಯಗಳಲ್ಲಿ ವ್ಯವಸಾಯ ಇಲಾಖೆಗಳು ಏರ್ಪಡಬೇಕೆಂದು ಶಿಫಾರಸು ಮಾಡಿದಾಗ, ಅಂಥ ಇಲಾಖೆಗಳಿಗೆ ಒಪ್ಪಿಸಬೇಕೆಂದ ಮುಖ್ಯವಾದ ಕೆಲಸಗಳಲ್ಲಿ ಇಂಥ ಅಂಕಿಅಂಶಗಳನ್ನು ಕೂಡಿಸುವುದೂ ಒಂದಾಗಿತ್ತು.

ಆದರೆ ಈ ಪದ್ಧತಿಯಲ್ಲಿ ಬಹುಕಾಲ ಒಂದು ಕೊರತೆ ಇದ್ದೇ ಇತ್ತು. ಲೆಕ್ಕಗಳು ಗ್ರಾಮದಿಂದ ಹೋಬಳಿಗೆ, ಹೋಬಳಿಯಿಂದ ತಾಲ್ಲೂಕು ಕಚೇರಿಗೆ, ಅಲ್ಲಿಂದ ಜಿಲ್ಲೆಯ ಕಚೇರಿಗೆ ಏರಿ ಹೋಗುತ್ತಿದ್ದವೇ ಹೊರತು, ಮರಳಿ ಇಳಿದು ಗ್ರಾಮಕ್ಕೆ ಬರುತ್ತಿದ್ದುದು ಅಪರೂಪ. ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದ ರಾಗಿಯು ವರ್ಷಗಟ್ಟಲೆ ಕೆಡದೆ ಇದ್ದೀತು. ಆದರೆ ಹಗೇವು ಎಲ್ಲಿದೆಯೆಂಬುದನ್ನೇ ಮನೆಯವರು ಮರೆತರೆ ಆ ರಾಗಿಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಕಚೇರಿಯ ಬೀರುಗಳಲ್ಲಿ ಕಟ್ಟಿಟ್ಟ ಕಡತಗಳ ಸ್ಥಿತಿಯು ಬಹುಮಟ್ಟಿಗೆ ಇದೇ ಆಗಿತ್ತು.

ಗಣಕಯಂತ್ರಗಳು ಬಳಕೆಗೆ ಬಂದಮೇಲೆ ಈ ಸ್ಥಿತಿಯು ಒಂದಿಷ್ಟು ಬದಲಾಯಿಸಿದೆ. ಕರ್ನಾಟಕದಲ್ಲಿ ಭೂಮಿ ಯೋಜನೆಯ ಮೂಲಕ, 2000ನೆಯ ಇಸವಿಯ ಆಸುಪಾಸಿನಲ್ಲಿ, ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಸೇರಿದುವು. ಅದೇ ಕಾಲದಲ್ಲಿ ಭಾರತ ಸರ್ಕಾರದವರು ಅಗ್‌ಮಾರ್ಕ್‌ನೆಟ್ ಎಂಬ ವ್ಯವಸ್ಥೆಯಿಂದ ಮಂಡಿಗಳ ಆವಕವನ್ನೂ ಧಾರಣೆಯನ್ನೂ ಪ್ರಕಟಿಸಲಾರಂಭಿಸಿದರು. ಸರ್ಕಾರದ ಅಂಕಿಅಂಶಗಳು ಪ್ರಜೆಗಳಿಗೆ ತೆರೆದಿರಬೇಕೆಂಬ ನೀತಿಯು 2012ನೆಯ ಇಸವಿಯಲ್ಲಿ ಹೊರಟು, ಆ ವರ್ಷವೇ ಅದಕ್ಕಾಗಿ ಒಂದು ಜಾಲತಾಣವೂ ಏರ್ಪಟ್ಟಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಸ್ಥಾಪಿತವಾದ ಮಳೆಮಾಪಕಗಳು ತಮ್ಮಷ್ಟಕ್ಕೆ ತಾವೇ ಮಳೆಯ ಪ್ರಮಾಣವನ್ನು ರಾಜಧಾನಿಗೆ ತಿಳಿಸತಕ್ಕವಾಗಿವೆ. ಇಷ್ಟರಮಟ್ಟಿಗೆ ಅನುಕೂಲವೇ. ಆದರೆ ಲೆಕ್ಕವನ್ನು ಕೂಡಿಸಿದ ಮಾತ್ರಕ್ಕೆ ಅದು ಓದುಗನ ಕೈಸೇರಿದಂತಾಗುವುದಿಲ್ಲ. ಕೋಷ್ಟಕವನ್ನು ಯಾರು ಬೇಕಾದರೂ ನೋಡುವಂತೆ, ತಮಗೆ ಬೇಕಾದ ಸಾಲುಗಳನ್ನು ಮಾತ್ರ ಜರಡಿ ಹಿಡಿದು ತೆಗೆಯುವಂತೆ, ತೆಗೆದುದನ್ನು ಮನೆಗೆ ಒಯ್ಯುವಂತೆ ಮಾಡುವುದಕ್ಕೆ ಪ್ರತ್ಯೇಕವಾದ ಒಂದು ಸಾಧನವು ಬೇಕು. ಅಂಥ ಸಾಧನಗಳಲ್ಲಿ ಒಂದನ್ನು ಕುರಿತು, ಮುಖ್ಯವಾಗಿ ಅದನ್ನು ಕೆಡದಂತೆ ಕಾಪಾಡಿಕೊಂಡು ಬರುವ ಕೆಲಸವನ್ನು ಕುರಿತು, ಇಲ್ಲಿ ವಿವರಿಸಲಾಗುತ್ತದೆ.

ಸಾಧನದ ಸ್ವರೂಪ

ಈ ಸಾಧನದ ಹೆಸರು ಡೇಟಾಸೆಟ್. ಹಳೆಯ ಕಮೋಡೋರ್ ಗಣಕಯಂತ್ರಗಳಿಗೆ ಜೋಡಿಸುತ್ತಿದ್ದ ಕ್ಯಾಸೆಟ್ ಪೆಟ್ಟಿಗೆಯ ಹೆಸರನ್ನೇ ಇದಕ್ಕೆ ಇಟ್ಟಿರುವುದು. ಇದನ್ನು ರಚಿಸಿದವರು ಸೈಮನ್ ವಿಲ್ಲಿಸನ್ ಎಂಬ ಆಂಗ್ಲೇಯರು. ಜಾಲತಾಣಗಳನ್ನು ಕಟ್ಟುವುದಕ್ಕೆ ಲೋಕದಲ್ಲೆಲ್ಲ ಬಳಕೆಯಲ್ಲಿರುವ ಜಾಂಗೋ ಎಂಬ ತಂತ್ರಾಂಶವನ್ನು ಅಮೆರಿಕಾದ ಕ್ಯಾನ್ಸಸ್ ಪ್ರಾಂತದ ಒಂದು ವೃತ್ತಪತ್ರಿಕೆಯ ಕಚೇರಿಯಲ್ಲಿ ಮೊದಲಿಗೆ ಹುಟ್ಟಿಸಿದವರಲ್ಲಿ ಇವರೂ ಒಬ್ಬರು. ಮುಂದೆ ಇವರು ಲಂಡನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಕೆಲಸಮಾಡಿದರು. ಆ ಪತ್ರಿಕೆಯವರು ವರದಿಗಳಿಗಾಗಿ ಶ್ರಮಪಟ್ಟು ಕೂಡಿಸಿದ ಅಂಕಿಗಳನ್ನು, ವರದಿಯು ಅಚ್ಚಾದ ಮೇಲೆ ಬಿಸಾಡದೆ, ಓದುಗರಿಗೂ ಸಿಕ್ಕುವಂತೆ ಪ್ರಕಟಿಸುವ ಪದ್ಧತಿಯನ್ನು 2009ನೆಯ ಇಸವಿಯಲ್ಲಿ ಆರಂಭಿಸಿದರು. ಇಂಥ ಪ್ರಕಟಣೆಗೆ ಇನ್ನೂ ಒಳ್ಳೆಯ ಸಾಧನವಿರಬೇಕೆಂಬ ಯೋಚನೆಯು ಬಹುದಿನ ಮನಸ್ಸಿನಲ್ಲಿದ್ದು, 2017ನೆಯ ನವೆಂಬರಿನಲ್ಲಿ ಡೇಟಾಸೆಟ್ಟಿನ ಮೊದಲನೆಯ ಆವೃತ್ತಿಯು ಹೊರಬಂತು.

ಇದರ ಕೆಲಸವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಗ್ರಾಮದಲ್ಲಿ ಹತ್ತು ವರ್ಷಗಳ ಮಳೆಯ ಲೆಕ್ಕವಿದೆಯೆಂದು ಇಟ್ಟುಕೊಳ್ಳೋಣ. ದಿನಕ್ಕೊಂದರಂತೆ 3,650ಕ್ಕೂ ಮೇಲ್ಪಟ್ಟು ಸಾಲುಗಳಾಗುತ್ತವೆ. ಇವೆಲ್ಲವೂ ಎಸ್‌ಕ್ಯೂಲೈಟ್ ಎಂಬ ಪದ್ಧತಿಯ ಒಂದೇ ಒಂದು ಕಡತದಲ್ಲಿ ಅಡಗುತ್ತವೆ. ಈ ಕಡತವನ್ನು ಡೇಟಾಸೆಟ್ಟಿಗೆ ತೋರಿಸಿದರೆ ಸಾಕು, ಅದು ತಾನಾಗಿಯೇ ಒಂದು ಜಾಲತಾಣವನ್ನು ಎಬ್ಬಿಸಿ ನಿಲ್ಲಿಸುತ್ತದೆ. ಓದುಗನು ಜೂನ್ ತಿಂಗಳ ಸಾಲುಗಳನ್ನು ಮಾತ್ರ ಕೇಳಬಹುದು. ಎರಡು ಅಂಗುಲಕ್ಕಿಂತ ಹೆಚ್ಚಾಗಿ ಬಿದ್ದ ದಿನಗಳನ್ನು ಮಾತ್ರ ಕೇಳಬಹುದು. ಯಾವ ವರ್ಷದಲ್ಲಿ ಅಂಥ ದಿನಗಳು ಎಷ್ಟೆಂದು ಎಣಿಕೆ ಹಾಕಿಸಬಹುದು. ಒಂದೊಂದು ಸಾಲಿಗೂ ಸರ್ವೆ ನಂಬರಿನಂತೆ ಪ್ರತ್ಯೇಕವಾದ ಒಂದು ವಿಳಾಸವಿರುವುದರಿಂದ, ವಿವಾದ ಬಂದಾಗ ಇಂಥ ದಿನದ ಇಂಥ ಸಾಲನ್ನು ನೋಡಿರೆಂದು ಬೆರಳಿಟ್ಟು ತೋರಿಸಲಾಗುತ್ತದೆ. ಕೇಳಿದುದನ್ನು ಕೋಷ್ಟಕದ ರೂಪದಲ್ಲಿ ಇಳಿಸಿಕೊಳ್ಳುವುದಕ್ಕೂ, ಮತ್ತೊಂದು ಗಣಕಯಂತ್ರವು ತಾನೇ ಬಂದು ಓದಿಕೊಳ್ಳುವುದಕ್ಕೂ ಅವಕಾಶವುಂಟು.

ಬಂದವರು ಲೆಕ್ಕವನ್ನು ಓದಬಹುದೇ ಹೊರತು ತಿದ್ದಲಾಗದಂತೆ ಈ ಸಾಧನವು ಮೊದಲಿನಿಂದಲೂ ರಚಿತವಾಗಿದೆ. ತಿದ್ದುವ ಅಧಿಕಾರವನ್ನು ಯೋಗ್ಯರಾದವರಿಗೆ ಮಾತ್ರ ಕೊಡುವ ಏರ್ಪಾಡು ಬಹಳ ತಡವಾಗಿ, 2022ನೆಯ ಇಸವಿಯ ಕೊನೆಯಲ್ಲಿ ಬಂತು. ಇನ್ನೊಂದು ಕಟ್ಟುಪಾಡೂ ಇದೆ. ಯಾರಾದರೊಬ್ಬರು ಬಹಳ ದೊಡ್ಡ ಪ್ರಶ್ನೆಯನ್ನು ಕೇಳಿ ಯಂತ್ರವನ್ನು ಹಿಡಿದಿಟ್ಟುಕೊಂಡರೆ ಉಳಿದವರು ಕಾಯಬೇಕಾಗುತ್ತದಷ್ಟೆ. ಆದಕಾರಣ ಒಂದು ಪ್ರಶ್ನೆಗೆ ಒಂದು ಸೆಕೆಂಡಿಗಿಂತ ಹೆಚ್ಚು ಕಾಲವನ್ನೂ, ಒಂದು ಸಲಕ್ಕೆ 1,000 ಸಾಲುಗಳಿಗಿಂತ ಹೆಚ್ಚಿನ ಉತ್ತರವನ್ನೂ ಕೊಡಕೂಡದೆಂದು ಗೊತ್ತುಮಾಡಿದೆ. ಬೇಕಾದವರು ತಮ್ಮ ಯಂತ್ರದಲ್ಲಿ ಈ ಮಿತಿಯನ್ನು ಹೆಚ್ಚಿಸಿಕೊಳ್ಳಬಹುದು. ನೀರುಗಂಟಿಯು ಒಬ್ಬೊಬ್ಬರ ಗದ್ದೆಗೆ ಸರದಿಯ ಮೇಲೆ ನೀರು ಬಿಡುವುದಕ್ಕೂ ಇದಕ್ಕೂ ಹೆಚ್ಚು ಭೇದವಿಲ್ಲ.

ಮುಖ್ಯವಾದ ಮತ್ತೊಂದು ಸಂಗತಿಯೆಂದರೆ ಇದರ ಹಕ್ಕಿನ ವಿಷಯ. ಈ ಸಾಧನವು ಅಪಾಚೆ ಲೈಸೆನ್ಸಿನ ಮೇಲೆ ಮುಕ್ತವಾಗಿ ಬಿಡಲ್ಪಟ್ಟಿದೆ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ಒಳಗಿನ ರಚನೆಯನ್ನು ಬಿಚ್ಚಿ ನೋಡಬಹುದು, ತಮಗೆ ಬೇಕಾದಂತೆ ಮಾರ್ಪಡಿಸಿ ಇತರರಿಗೆ ಕೊಡಬಹುದು. ಆದರೆ ಅದೇ ಲೈಸೆನ್ಸಿನಲ್ಲಿ, ಇದರಿಂದ ಯಾವ ನಷ್ಟವುಂಟಾದರೂ ಮಾಡಿದವರು ಹೊಣೆಗಾರರಲ್ಲವೆಂದೂ ಬರೆದಿದೆ. ಮೊದಲನೆಯ ಮಾತನ್ನು ಎಲ್ಲರೂ ಓದುತ್ತಾರೆ. ಎರಡನೆಯದನ್ನು ಓದುವವರು ಕಡಿಮೆ.

ಮರಾಮತ್ತು ಏತಕ್ಕೆ?

ಕೆರೆಯನ್ನು ಕಟ್ಟಿಸಿದವನ ಹೆಸರು ಏರಿಯ ಮೇಲಿನ ಶಾಸನದಲ್ಲಿರುತ್ತದೆ. ವರ್ಷವರ್ಷವೂ ಹೂಳು ತೆಗೆದವರ, ತೂಬಿನ ಸಂದಿಗೆ ಗಾರೆ ಹಾಕಿದವರ, ಕೋಡಿಯ ಕಲ್ಲು ಜರುಗಿದಾಗ ಸರಿಪಡಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ತಂತ್ರಾಂಶದ ಸಂಗತಿಯೂ ಹೀಗೆಯೇ. ಆದರೆ ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಮಣ್ಣಿನ ಏರಿ ಮಳೆಗೆ ಕೊಚ್ಚಿಹೋಗುತ್ತದೆ, ಕಬ್ಬಿಣದ ನೇಗಿಲು ಸವೆಯುತ್ತದೆ. ಬರೆದಿಟ್ಟ ಅಕ್ಷರಗಳಿಂದಲೇ ಆದ ತಂತ್ರಾಂಶವು ಸವೆಯುವುದು ಹೇಗೆ?

ಸವೆಯುವುದಿಲ್ಲವೆಂಬುದೇ ಉತ್ತರ. ಆದರೆ ಅದು ನಿಂತಿರುವ ನೆಲವು ಜರುಗುತ್ತಿರುತ್ತದೆ. ಡೇಟಾಸೆಟ್ ರಚಿತವಾಗಿರುವುದು ಪೈಥಾನ್ ಎಂಬ ಗಣಕಭಾಷೆಯಲ್ಲಿ. ಈ ಭಾಷೆಯ ಹೊಸ ಆವೃತ್ತಿಯು ಈಗ ವರ್ಷಕ್ಕೊಂದರಂತೆ ಹೊರಡುತ್ತದೆ. ಒಂದೊಂದಕ್ಕೂ ಸುಮಾರು ಐದು ವರ್ಷ ಆಯುಸ್ಸು. 3.7ನೆಯ ಆವೃತ್ತಿಯ ಪೋಷಣೆಯು 2023ನೆಯ ಜೂನಿನಲ್ಲಿಯೂ 3.8ನೆಯದು 2024ನೆಯ ಅಕ್ಟೋಬರಿನಲ್ಲಿಯೂ ಮುಗಿಯಿತು. ಆಯುಸ್ಸು ತೀರಿದುದರ ಮೇಲೆ ನಿಂತ ಸಾಧನವು ಆ ದಿನವೇ ಬೀಳುವುದಿಲ್ಲ. ಆದರೆ ಆಮೇಲೆ ಕಂಡ ಬಿರುಕುಗಳಿಗೆ ಗಾರೆ ಹಾಕುವವರು ಇರುವುದಿಲ್ಲ. ಆದುದರಿಂದ ಸಾಧನವನ್ನು ಪೋಷಿಸುವವರು ಹೊಸ ಆವೃತ್ತಿಯೊಂದಿಗೆ ಅದನ್ನು ಹೊಂದಿಸುವುದೂ ಹಳೆಯದನ್ನು ಕಳಚಿಹಾಕುವುದೂ ವರ್ಷ ತಪ್ಪದೆ ನಡೆಯಬೇಕಾದ ಕೆಲಸ. ಇದಲ್ಲದೆ ಡೇಟಾಸೆಟ್ಟು ಇತರರು ಮಾಡಿದ ಹಲವು ಸಣ್ಣ ತಂತ್ರಾಂಶಗಳನ್ನು ಆಧರಿಸಿದೆ. ಅವುಗಳಲ್ಲಿ ಯಾವುದೊಂದು ಬದಲಾದರೂ ಇಲ್ಲಿ ಏನಾದರೊಂದು ಸಡಿಲವಾಗುವ ಸಂಭವವುಂಟು.

ಬಾಡಿಗೆಯ ಜಾಗದ ತೊಂದರೆಯೂ ಇದೇ ಜಾತಿಯದು. ಜಾಲತಾಣವು ಎಲ್ಲಿಯಾದರೂ ಒಂದು ಯಂತ್ರದಲ್ಲಿ ನೆಲೆಸಿರಬೇಕಷ್ಟೆ. ಡೇಟಾಸೆಟ್ ಹೊರಬಂದ ಹೊಸದರಲ್ಲಿ, ಒಂದೇ ಆಜ್ಞೆಯಿಂದ ಅಂಕಿಅಂಶಗಳನ್ನು ಬಾಡಿಗೆಯ ಯಂತ್ರಕ್ಕೆ ಏರಿಸಿ ಪ್ರಕಟಿಸುವ ಅನುಕೂಲವೇ ಅದರ ದೊಡ್ಡ ಆಕರ್ಷಣೆಯಾಗಿತ್ತು. ಆದರೆ ಮೊದಲು ಆರಿಸಿಕೊಂಡಿದ್ದ ಸಂಸ್ಥೆಯವರು ಮುಂದೆ ತಮ್ಮ ಪದ್ಧತಿಯನ್ನು ಬದಲಾಯಿಸಿದರು. ಹೆರೋಕು ಎಂಬ ಮತ್ತೊಂದು ಸಂಸ್ಥೆಯವರು 2022ನೆಯ ನವೆಂಬರಿನಲ್ಲಿ ಪುಕ್ಕಟೆಯಾಗಿ ಜಾಗ ಕೊಡುವುದನ್ನು ನಿಲ್ಲಿಸಿದರು. ಇದರಲ್ಲಿ ಅವರ ತಪ್ಪೆಂದು ಹೇಳುವಂತಿಲ್ಲ. ಜಮೀನಿನ ಒಡೆಯನು ಗುತ್ತಿಗೆಯ ಷರತ್ತನ್ನು ಬದಲಾಯಿಸಿದಂತೆ. ಆದರೆ ಒಂದೊಂದು ಸಲವೂ ಪೋಷಕರು ಹೊಸ ಜಾಗಕ್ಕೆ ತಕ್ಕಂತೆ ಕೊಂಡಿಗಳನ್ನು ಮಾಡಿಕೊಡಬೇಕಾಯಿತು. ಈ ಯಂತ್ರದ ಹಂಗೇ ಇಲ್ಲದೆ, ಓದುಗನ ಗಣಕಯಂತ್ರದ ಬ್ರೌಸರಿನೊಳಗೇ ಪೂರ್ತಿಯಾಗಿ ನಡೆಯುವ ಡೇಟಾಸೆಟ್ ಲೈಟ್ ಎಂಬ ಚಿಕ್ಕ ರೂಪವೊಂದು 2022ನೆಯ ಮೇ ತಿಂಗಳಲ್ಲಿ ಬಂದಿದೆ. ಸಣ್ಣ ಗ್ರಾಮಗಳಿಗೆ ಇದು ಹೆಚ್ಚು ಒಪ್ಪಬಹುದು.

ಮರಾಮತ್ತಿನ ಕ್ರಮ

ವಿಲ್ಲಿಸನ್ನರು ಈ ಸಾಧನವನ್ನು ಪೋಷಿಸಿಕೊಂಡು ಬಂದಿರುವ ಕ್ರಮವು ಗಮನಿಸತಕ್ಕದ್ದಾಗಿದೆ. ಒಬ್ಬರೇ ಬಹುಪಾಲು ಕೆಲಸವನ್ನು ಹೊತ್ತಿರುವಾಗ ನೆನಪಿನ ಮೇಲೆ ಭಾರ ಹಾಕಕೂಡದೆಂಬುದು ಅವರ ಮೊದಲನೆಯ ನಿಯಮ. ಯಾವ ಬದಲಾವಣೆಯನ್ನು ಮಾಡಬೇಕಾದರೂ ಮೊದಲು ಅದಕ್ಕೊಂದು ಸಾರ್ವಜನಿಕವಾದ ಟಿಪ್ಪಣಿಯನ್ನು ತೆರೆದು, ಏತಕ್ಕಾಗಿ ಈ ಕೆಲಸ, ಯಾವ ಯಾವ ದಾರಿಗಳನ್ನು ನೋಡಿದ್ದಾಯಿತು, ಯಾವುದನ್ನು ಬಿಟ್ಟದ್ದಾಯಿತು ಎಂಬುದನ್ನೆಲ್ಲ ಬರೆಯುತ್ತಾರೆ. ಬಳಿಕ ಬದಲಾವಣೆಯನ್ನು ಸೇರಿಸುವಾಗ ನಾಲ್ಕು ಅಂಗಗಳು ಒಟ್ಟಿಗೆ ಸೇರಬೇಕು: ಬದಲಾದ ರಚನೆ, ಅದು ಸರಿಯಾಗಿ ನಡೆಯುವುದೆಂದು ತೋರಿಸುವ ಪರೀಕ್ಷೆ, ಬಳಸುವವರಿಗೆ ತಿಳಿವಳಿಕೆಯ ಬರಹ, ಮತ್ತು ಮೊದಲು ಬರೆದ ಟಿಪ್ಪಣಿಯ ಸಂಖ್ಯೆ. ಇವುಗಳಲ್ಲಿ ಒಂದು ಕಡಿಮೆಯಾದರೂ ಆ ಕೆಲಸ ಮುಗಿದಂತಲ್ಲ. ವರ್ಷಗಳ ನಂತರ ಒಂದು ಸಾಲು ಏತಕ್ಕೆ ಹೀಗಿದೆಯೆಂದು ಸಂದೇಹ ಬಂದರೆ, ಸಂಖ್ಯೆಯನ್ನು ಹಿಡಿದು ಹೋದರೆ ಕಾರಣವು ಸಿಕ್ಕುತ್ತದೆ. ಜಮಾಬಂದಿಯ ಕಾಗದಗಳನ್ನು ಕಂಡವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಪರೀಕ್ಷೆಗಳ ವಿಷಯವಾಗಿ ಇನ್ನೂ ಒಂದು ಮಾತು. ಇವನ್ನು ಮನುಷ್ಯರು ಕುಳಿತು ನಡೆಸುವುದಿಲ್ಲ. ಯಾರೇ ಆಗಲಿ ಒಂದು ಅಕ್ಷರವನ್ನು ಬದಲಾಯಿಸಿದರೂ ಯಂತ್ರವೇ ಎಲ್ಲ ಪರೀಕ್ಷೆಗಳನ್ನೂ, ಪೈಥಾನಿನ ಪೋಷಣೆಯಲ್ಲಿರುವ ಆವೃತ್ತಿಗಳ ಮೇಲೆಲ್ಲ, ಹೊಸದಾಗಿ ನಡೆಸಿ ಫಲಿತಾಂಶವನ್ನು ತಿಳಿಸುತ್ತದೆ. ತಿಳಿವಳಿಕೆಯ ಬರಹಕ್ಕೂ ಪರೀಕ್ಷೆಯುಂಟು! ಸಾಧನದಲ್ಲಿ ಹೊಸ ಕೊಂಡಿಯೊಂದನ್ನು ಸೇರಿಸಿ ಅದರ ವಿವರಣೆಯನ್ನು ಬರೆಯಲು ಮರೆತರೆ, ಪರೀಕ್ಷೆಯು ಕೂಡಲೇ ತಪ್ಪೆಂದು ಕೂಗುತ್ತದೆ. ಬರಹವೊಂದು ಕೆಲಸವೊಂದು ಆಗಿ ಕಡತಗಳು ಸುಳ್ಳಾಗುವುದು ಎಲ್ಲ ಕಚೇರಿಗಳಿಗೂ ಅಂಟಿದ ರೋಗ. ಅದಕ್ಕೆ ಇಷ್ಟು ಸುಲಭವಾದ ಮದ್ದು ಬೇರೆ ಕಡೆ ಕಂಡುಬರುವುದು ಅಪರೂಪ.

ಬಳಕೆ ಹೆಚ್ಚಿದಂತೆ ಕೋರಿಕೆಗಳೂ ಹೆಚ್ಚುತ್ತವೆ. ಒಬ್ಬರಿಗೆ ನಕ್ಷೆಯ ಮೇಲೆ ಅಂಕಿಗಳನ್ನು ತೋರಿಸಬೇಕು, ಮತ್ತೊಬ್ಬರಿಗೆ ಗ್ರಾಫು ಬೇಕು, ಇನ್ನೊಬ್ಬರಿಗೆ ರಹಸ್ಯಪದವಿಲ್ಲದೆ ಯಾರೂ ಒಳಗೆ ಬಾರದಂತೆ ಆಗಬೇಕು. ಎಲ್ಲವನ್ನೂ ಒಪ್ಪಿದರೆ ಸಾಧನವು ಹೊರಲಾರದ ಹೊರೆಯಾಗುತ್ತದೆ. ಒಪ್ಪದಿದ್ದರೆ ಕೇಳಿದವರು ಬೇಸರಪಟ್ಟು ಹೋಗುತ್ತಾರೆ. ಇದಕ್ಕಾಗಿ 2018ನೆಯ ಇಸವಿಯಲ್ಲಿ ಪ್ಲಗಿನ್ ಎಂಬ ಏರ್ಪಾಡು ಬಂತು. ನಡುವಣ ಸಾಧನವನ್ನು ಮುಟ್ಟದೆ, ಗೊತ್ತಾದ ಕೊಂಡಿಗಳಿಗೆ ಯಾರು ಬೇಕಾದರೂ ತಮ್ಮ ಹೊಸ ಭಾಗವನ್ನು ತಗುಲಿಸಬಹುದು. ದೊಡ್ಡ ನಾಲೆಯ ತೂಬು ಸರ್ಕಾರದ್ದು, ಹೊಲಗಾಲುವೆ ರೈತನದು ಎಂಬ ಹಾಗೆ. ಈಗ ಇಂಥ ಪ್ಲಗಿನ್ನುಗಳು ನೂರಕ್ಕೂ ಮೇಲ್ಪಟ್ಟು ಇವೆ.

ಆದರೆ ಕೊಂಡಿಯೆಂಬುದು ಒಂದು ವಾಗ್ದಾನ. ತೂಬಿನ ಅಳತೆಯನ್ನು ಇದ್ದಕ್ಕಿದ್ದ ಹಾಗೆ ಬದಲಾಯಿಸಿದರೆ ಕೆಳಗಿನ ಕಾಲುವೆಗಳೆಲ್ಲ ಕೆಲಸಕ್ಕೆ ಬಾರದೆ ಹೋಗುತ್ತವೆ. 1.0 ಎಂಬ ಸಂಖ್ಯೆಯನ್ನು ಕೊಟ್ಟ ಆವೃತ್ತಿಯನ್ನು ಬಿಡುಗಡೆಮಾಡಿದ ಮೇಲೆ 2.0 ಬರುವವರೆಗೆ ಹಳೆಯ ಕೊಂಡಿಗಳನ್ನು ಮುರಿಯುವುದಿಲ್ಲವೆಂಬುದು ಈ ವೃತ್ತಿಯವರಲ್ಲಿ ರೂಢಿಯಾದ ಮಾತು. ಅಂಥ ಮಾತನ್ನು ಕೊಡುವುದಕ್ಕೆ ಮುಂಚೆ ಎಲ್ಲವನ್ನೂ ಸರಿಮಾಡಿಕೊಳ್ಳಬೇಕೆಂದು 1.0ರ ಮೊದಲನೆಯ ಕರಡನ್ನು 2022ನೆಯ ನವೆಂಬರಿನಲ್ಲಿ ಹೊರಡಿಸಿದರು. 2025ನೆಯ ಇಸವಿಯಲ್ಲಿಯೂ ಕರಡಿನ ಮೇಲೆ ಕರಡು ಬರುತ್ತಲೇ ಇದ್ದಿತು. ಇದನ್ನು ನಿಧಾನವೆಂದು ದೂರುವವರು ಉಂಟು. ಆದರೆ ಉಳಿಸಿಕೊಳ್ಳಲಾರದ ಮಾತನ್ನು ಬೇಗ ಕೊಡುವುದಕ್ಕಿಂತ ಇದು ಲೇಸು.

ಬಿರುಕುಗಳು ಕಾಣದೆ ಇಲ್ಲ. 2021ನೆಯ ಜೂನಿನಲ್ಲಿ, ದೋಷಶೋಧನೆಗೆಂದು ಇಟ್ಟಿದ್ದ ಒಂದು ಸೌಲಭ್ಯದ ಮೂಲಕ ಮೋಸಗಾರರು ಓದುಗನ ಬ್ರೌಸರಿನಲ್ಲಿ ತಮ್ಮ ಆಜ್ಞೆಯನ್ನು ನಡೆಸಬಹುದಾದ ದೋಷವು ಗೊತ್ತಾಗಿ ಅದನ್ನು ಮುಚ್ಚಿದರು. 2023ನೆಯ ಆಗಸ್ಟಿನಲ್ಲಿ 1.0ರ ಕರಡುಗಳಲ್ಲಿ ಇನ್ನೊಂದು ದೋಷ ಕಂಡಿತು. ಬೀಗ ಹಾಕಿದ ಉಗ್ರಾಣದಲ್ಲಿ ಯಾವ ಯಾವ ಪೆಟ್ಟಿಗೆಗಳಿವೆಯೆಂಬ ಹೆಸರುಪಟ್ಟಿಯು ಹೊರಗಿನವರಿಗೂ ಕಾಣುವಂತಿತ್ತು. ಪೆಟ್ಟಿಗೆಯೊಳಗಿನ ಪದಾರ್ಥವು ಕಾಣುತ್ತಿರಲಿಲ್ಲ. ಎರಡು ಸಂದರ್ಭಗಳಲ್ಲಿಯೂ ಪೋಷಕರು ದೋಷವನ್ನು ಮುಚ್ಚಿಡದೆ, ದುರಸ್ತಿಯಾದ ಆವೃತ್ತಿಯನ್ನು ಹೊರಡಿಸಿ, ಯಾವ ಆವೃತ್ತಿಗಳಲ್ಲಿ ದೋಷವಿದೆ, ಬಳಸುವವರು ಏನು ಮಾಡತಕ್ಕದ್ದು ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದರು. ಇಲ್ಲಿ ಬಳಸುವವರ ಪಾಲಿನ ಕರ್ತವ್ಯವೂ ಉಂಟು: ದುರಸ್ತಿಯಾದುದನ್ನು ತಂದು ಹಾಕಿಕೊಳ್ಳದೆ ಹಳೆಯದನ್ನೇ ನಡೆಸುತ್ತಿದ್ದರೆ ಪೋಷಕರ ಶ್ರಮವು ವ್ಯರ್ಥ.

ಮುಕ್ತ ತಂತ್ರಾಂಶವನ್ನು ಮಾಡಿದವರಿಗೆ ಅದನ್ನು ಯಾರು ಬಳಸುತ್ತಿದ್ದಾರೆಂಬುದೇ ತಿಳಿಯುವುದಿಲ್ಲವೆಂಬುದು ಒಂದು ವಿಚಿತ್ರ. ಬಿತ್ತನೆಯ ಬೀಜವನ್ನು ದಾರಿಯಲ್ಲಿ ಇಟ್ಟುಹೋದ ಹಾಗೆ. ಎತ್ತಿಕೊಂಡವರು ಚೆನ್ನಾಗಿ ಬೆಳೆದರೆ ಸುದ್ದಿಯಿಲ್ಲ, ಮೊಳೆಯದಿದ್ದರೆ ಮಾತ್ರ ದೂರು ಬರುತ್ತದೆ. ಈ ಕೊರತೆಯನ್ನು ನೀಗುವುದಕ್ಕೋಸ್ಕರ ವಿಲ್ಲಿಸನ್ನರು ಕೊರೋನಾ ಪಿಡುಗಿನ ದಿನಗಳಲ್ಲಿ ಶುಕ್ರವಾರಗಳಂದು ಕೆಲವು ಹೊತ್ತನ್ನು ಮೀಸಲಿಟ್ಟು, ಬಳಸುವವರಲ್ಲಿ ಯಾರು ಬೇಕಾದರೂ ದೂರದಿಂದಲೇ ಮುಖಾಮುಖಿಯಾಗಿ ಮಾತನಾಡುವಂತೆ ಏರ್ಪಡಿಸಿದರು.

ಒಬ್ಬರ ಹೆಗಲಿನ ಮೇಲೆ

ಇಷ್ಟೆಲ್ಲ ಅಚ್ಚುಕಟ್ಟಾಗಿದ್ದರೂ ಭಾರವು ಒಬ್ಬರ ಹೆಗಲಿನ ಮೇಲಿದೆಯೆಂಬ ಶಂಕೆಯು ಉಳಿಯುತ್ತದೆ. ಇದು ಬರಿಯ ಶಂಕೆಯೂ ಅಲ್ಲ. 2014ನೆಯ ಏಪ್ರಿಲಿನಲ್ಲಿ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ದೊಡ್ಡದೊಂದು ರಂಧ್ರವು ಕಂಡುಬಂತು. ಬ್ಯಾಂಕುಗಳ ವ್ಯವಹಾರವನ್ನೂ ಕೋಟ್ಯಂತರ ಜನರ ರಹಸ್ಯಪದಗಳನ್ನೂ ಕಾಯುತ್ತಿದ್ದ ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ಕಾಣಿಕೆಯು ಸುಮಾರು 2,000 ಡಾಲರುಗಳು ಮಾತ್ರವೆಂಬುದು ಆಗ ಹೊರಬಿತ್ತು. 2024ನೆಯ ಮಾರ್ಚಿಯಲ್ಲಿ ನಡೆದುದು ಇನ್ನೂ ಘೋರ. ಕಡತಗಳನ್ನು ಒತ್ತಿ ಕಿರಿದುಮಾಡುವ ಎಕ್ಸ್‌ಜೆಡ್ ಎಂಬ ಸಾಧನವನ್ನು ಒಬ್ಬನೇ ಮನುಷ್ಯನು ಸಂಬಳವಿಲ್ಲದೆ ವರ್ಷಗಳ ಕಾಲ ಪೋಷಿಸುತ್ತಿದ್ದನು. ಅವನು ದಣಿದಿದ್ದ ಸಮಯದಲ್ಲಿ, ಕೆಲಸ ನಿಧಾನವಾಯಿತೆಂದು ಗುರುತಿಲ್ಲದ ಹೆಸರುಗಳಿಂದ ಒತ್ತಾಯದ ಕಾಗದಗಳು ಬರತೊಡಗಿದುವು. ಸಹಾಯಕ್ಕೆಂದು ಬಂದ ಅಪರಿಚಿತನೊಬ್ಬನು ಎರಡು ವರ್ಷಕ್ಕೂ ಹೆಚ್ಚುಕಾಲ ನಂಬಿಕೆಯಿಂದ ದುಡಿದು, ಅಧಿಕಾರವು ಕೈಗೆ ಬಂದಮೇಲೆ, ಯಂತ್ರಗಳಿಗೆ ಕಳ್ಳಬಾಗಿಲನ್ನು ಇಟ್ಟನು. ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರು ತಮ್ಮ ಯಂತ್ರವು ಬಾಗಿಲು ತೆರೆಯುವುದಕ್ಕೆ ಅರ್ಧ ಸೆಕೆಂಡು ಹೆಚ್ಚಾಗಿ ತೆಗೆದುಕೊಂಡುದನ್ನು ಗಮನಿಸಿ ಬೆನ್ನು ಹತ್ತಿದುದರಿಂದ ಮಾತ್ರವೇ ಅನಾಹುತವು ತಪ್ಪಿತು.

ಇದಕ್ಕೆ ಪ್ರತಿಯಾದ ಒಳ್ಳೆಯ ಉದಾಹರಣೆಯು ಡೇಟಾಸೆಟ್ಟಿನ ಬುಡದಲ್ಲಿಯೇ ಇದೆ. ಎಸ್‌ಕ್ಯೂಲೈಟನ್ನು ರಿಚರ್ಡ್ ಹಿಪ್ ಎಂಬವರು 2000ನೆಯ ಇಸವಿಯಲ್ಲಿ, ಅಮೆರಿಕಾದ ನೌಕಾಪಡೆಯ ಒಂದು ಹಡಗಿನ ಕೆಲಸದ ಸಂಬಂಧದಲ್ಲಿ ಆರಂಭಿಸಿ, ಯಾವ ಹಕ್ಕನ್ನೂ ಇಟ್ಟುಕೊಳ್ಳದೆ ಲೋಕಕ್ಕೆ ಬಿಟ್ಟರು. ಅದನ್ನು ಪೋಷಿಸುವವರು ಮೂರು ನಾಲ್ಕು ಜನ. ಅದನ್ನು ಆಧರಿಸಿದ ದೊಡ್ಡ ಸಂಸ್ಥೆಗಳು ಒಂದು ಕೂಟವಾಗಿ ಸೇರಿ ಹಣ ಕೊಡುವುದರಿಂದ ಇವರ ಜೀವನವು ನಡೆಯುತ್ತದೆ. ಮೂಲರಚನೆಗಿಂತ ಸುಮಾರು 590 ಪಟ್ಟು ಹೆಚ್ಚಾದ ಪರೀಕ್ಷೆಗಳನ್ನು ಬರೆದಿಟ್ಟಿದ್ದಾರೆಂದೂ, 2050ನೆಯ ಇಸವಿಯವರೆಗೆ ಪೋಷಣೆಯನ್ನು ಬಿಡುವುದಿಲ್ಲವೆಂದೂ ಅವರೇ ಪ್ರಕಟಿಸಿದ್ದಾರೆ. ಅಂಕಿಅಂಶಗಳನ್ನು ಬಹುಕಾಲ ಕಾದಿಡುವುದಕ್ಕೆ ತಕ್ಕ ರೂಪಗಳಲ್ಲಿ ಇದೂ ಒಂದೆಂದು ಅಮೆರಿಕಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನವರು ಶಿಫಾರಸು ಮಾಡಿದ್ದಾರೆ. ಆದುದರಿಂದ ಡೇಟಾಸೆಟ್ ಎಂದಾದರೊಂದು ದಿನ ನಿಂತುಹೋದರೂ ಅದರೊಳಗೆ ಇಟ್ಟ ಲೆಕ್ಕವು ನಾಶವಾಗುವುದಿಲ್ಲ. ಬೇರೆ ಸಾಧನದಿಂದ ಓದಿಕೊಳ್ಳಬಹುದು. ಸಾಧನವನ್ನು ಆರಿಸುವಾಗ ಇದನ್ನೇ ಮೊದಲು ವಿಚಾರಿಸತಕ್ಕದ್ದು. ಇದಕ್ಕಿಂತ ದೊಡ್ಡದಾದ, ಬ್ರಿಟಿಷ್ ಮತ್ತು ಅಮೆರಿಕಾ ಸರ್ಕಾರಗಳು ಬಳಸಿರುವ ಸಿಕ್ಯಾನ್ ಎಂಬ ಮುಕ್ತ ಸಾಧನವೂ ಒಂದಿದೆ. ಅದನ್ನು ನಡೆಸುವುದಕ್ಕೆ ಹೆಚ್ಚಿನ ಸಿಬ್ಬಂದಿ ಬೇಕಾದುದರಿಂದ ಅದು ಗ್ರಾಮದ ಮಟ್ಟಕ್ಕೆ ಒದಗುವುದಿಲ್ಲ.

ಗ್ರಾಮಗಳಲ್ಲಿ ಅನುಸರಿಸತಕ್ಕ ಕ್ರಮ

ಗ್ರಾಮದ ಮುಖಂಡರೂ ಹಿಡುವಳಿದಾರರ ಸಂಘಗಳೂ ತಮ್ಮ ಕೆರೆಯ ನೀರಿನ ಮಟ್ಟ, ಕೊಳವೆಬಾವಿಗಳ ಆಳ, ಮಳೆ, ಧಾರಣೆ ಮುಂತಾದುವನ್ನು ಇಂಥ ಸಾಧನದಿಂದ ಪ್ರಕಟಿಸಬಯಸಿದರೆ, ಮೊದಲು ಲೆಕ್ಕವನ್ನು ಶುದ್ಧಪಡಿಸಬೇಕು. ಒಂದು ಅಂಕಣದಲ್ಲಿ ಒಂದೇ ವಿಷಯವಿರಲಿ. ಎಕರೆಯನ್ನೂ ಗುಂಟೆಯನ್ನೂ ಒಂದೇ ಅಂಕಣದಲ್ಲಿ ಬೆರೆಸಿ, ಒಂದು ಎಕರೆ ಇಪ್ಪತ್ತು ಗುಂಟೆಯನ್ನು 1.20 ಎಂದು ಬರೆದರೆ ಯಂತ್ರವು ಅದನ್ನು ಒಂದೂಕಾಲಿಗೂ ಕಡಿಮೆಯೆಂದು ಎಣಿಸುತ್ತದೆ. ನಿಜವಾಗಿ ಅದು ಒಂದೂವರೆ ಎಕರೆ. ಮಳೆ ಬೀಳದ ದಿನಕ್ಕೆ ಸೊನ್ನೆಯನ್ನು ಬರೆಯಬೇಕು, ಅಳೆಯದ ದಿನದ ಮನೆಯನ್ನು ಖಾಲಿ ಬಿಡಬೇಕು. ಇವೆರಡನ್ನು ಬೆರಸಿದರೆ ಇಡೀ ವರ್ಷದ ಸರಾಸರಿಯು ಕೆಡುತ್ತದೆ. ಹಿಡುವಳಿದಾರರ ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ದೂರವಾಣಿ ಸಂಖ್ಯೆ, ಸಾಲದ ಬಾಕಿ ಇವು ಎಂದಿಗೂ ಪ್ರಕಟವಾಗಕೂಡದು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ನೆಯ ಇಸವಿಯಲ್ಲಿ ಪ್ರತ್ಯೇಕವಾದ ಕಾಯಿದೆಯೇ ಆಗಿದೆ.

ಸಾಧನವನ್ನು ಹೂಡಿಕೊಟ್ಟವನು ಊರು ಬಿಟ್ಟುಹೋದ ಮೇಲೆ ರಹಸ್ಯಪದವು ಯಾರಲ್ಲಿಯೂ ಇಲ್ಲದೆ ಜಾಲತಾಣವು ಹಾಳು ಬೀಳುವುದು ಸಾಮಾನ್ಯ. ಆದುದರಿಂದ ಇಬ್ಬರಿಗಾದರೂ ಕೆಲಸವನ್ನು ಕಲಿಸಿ, ಹೂಡಿದ ಕ್ರಮವನ್ನು ಕನ್ನಡದಲ್ಲಿ ಬರೆಯಿಸಿ ಕಚೇರಿಯಲ್ಲಿ ಇಡತಕ್ಕದ್ದು. ಗುತ್ತಿಗೆಗೆ ಕೊಡುವುದಾದರೆ, ಸ್ಥಾಪನೆಯ ಖರ್ಚಲ್ಲದೆ ವರ್ಷವರ್ಷದ ಪೋಷಣೆಯ ಖರ್ಚನ್ನೂ ಕರಾರಿನಲ್ಲಿ ಕಾಣಿಸಬೇಕು. ದುರಸ್ತಿಯಾದ ಆವೃತ್ತಿಯು ಹೊರಟ ಎಷ್ಟು ದಿನಗಳೊಳಗೆ ಅದನ್ನು ಹಾಕತಕ್ಕದ್ದೆಂಬುದನ್ನೂ ಬರೆಯಿಸಬೇಕು.

ಸಾಧನದಲ್ಲಿ ದೋಷ ಕಂಡರೆ ಪೋಷಕರಿಗೆ ತಿಳಿಸುವುದಕ್ಕೂ ಒಂದು ಕ್ರಮವುಂಟು. ಬೆಳೆಗೆ ರೋಗ ಬಿತ್ತೆಂದು ಬರೆದರೆ ಇಲಾಖೆಯವರು ಏನನ್ನೂ ಹೇಳಲಾರರು. ರೋಗ ಬಿದ್ದ ಗಿಡವನ್ನು ಬೇರುಸಹಿತ ಕಿತ್ತು, ಬಿತ್ತಿದ ದಿನ, ಹಾಕಿದ ಗೊಬ್ಬರ ಇವುಗಳೊಂದಿಗೆ ಕಳುಹಿಸಿದರೆ ಪರೀಕ್ಷಿಸಿ ಉತ್ತರ ಕೊಡುತ್ತಾರೆ. ಇಲ್ಲಿಯೂ ಹಾಗೆಯೇ, ಯಾವ ಆವೃತ್ತಿ, ಏನು ಮಾಡಿದಾಗ, ಏನಾಗಬೇಕಾಗಿತ್ತು, ಏನಾಯಿತು ಎಂಬ ನಾಲ್ಕನ್ನೂ ಬರೆದು, ಸಾಧ್ಯವಾದರೆ ದೋಷವನ್ನು ತೋರಿಸುವ ಒಂದು ಚಿಕ್ಕ ಕಡತವನ್ನೂ ಜೊತೆಗಿಡಬೇಕು. ದೋಷವು ಕಳ್ಳರಿಗೆ ಅನುಕೂಲವಾಗತಕ್ಕದ್ದಾದರೆ ಬಹಿರಂಗದಲ್ಲಿ ಬರೆಯದೆ ಪೋಷಕರಿಗೆ ಖಾಸಗಿಯಾಗಿ ತಿಳಿಸಬೇಕು.

ಪ್ರತಿ ವರ್ಷ ಸುಗ್ಗಿ ಮುಗಿದ ನಂತರ ಇಡೀ ಲೆಕ್ಕದ ಕಡತವನ್ನು ಒಂದು ಬೇರೆ ಡಿಸ್ಕಿಗೆ ನಕಲು ಮಾಡಿ, ಮೇಲೆ ವರ್ಷವನ್ನೂ ಸಾಲುಗಳ ಒಟ್ಟು ಸಂಖ್ಯೆಯನ್ನೂ ಬರೆದು, ಮೂಲಪ್ರತಿಯಿರುವ ಕಟ್ಟಡವನ್ನು ಬಿಟ್ಟು ಮತ್ತೊಂದು ಕಟ್ಟಡದಲ್ಲಿ ಇಡತಕ್ಕದ್ದು. ಇಟ್ಟ ನಕಲನ್ನು ಆರು ತಿಂಗಳಿಗೊಮ್ಮೆ ತೆರೆದು, ಸಾಲುಗಳ ಸಂಖ್ಯೆಯು ತಾಳೆಯಾಗುವುದೋ ಇಲ್ಲವೋ ನೋಡಬೇಕು.